ಯಾವ ಓದಿನಿಂದ ಊರಿಗೆ ಎಷ್ಟು? ಜತ್ತ ಸೀಮೆಯ ಜಮಾ-ಖರ್ಚು

ಜತ್ತ: ದೀಪಾವಳಿ ಮುಗಿಯುವುದೇ ತಡ, ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಸಪ್ಪಳ ಶುರುವಾಗುತ್ತದೆ. ಟ್ರೇಲರ್ ತುಂಬ ಹಾಸಿಗೆ ಸುರುಳಿ, ಹಿಟ್ಟಿನ ಡಬ್ಬಿ, ಕೊಡ, ಎರಡು ಕೋಳಿ, ಒಂದು ಆಡು. ಅದರ ಮೇಲೆ ಕೂತ ಹುಡುಗರು. ಸಾಂಗಲಿ, ಕೊಲ್ಹಾಪುರ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಹೊರಟ ಟೋಳಿಗಳಿವು. ಮುಕಾದಮನಿಂದ ಮಳೆಗಾಲದಲ್ಲೇ ಉಚಲ ತೆಗೆದುಕೊಂಡಾಗಿರುತ್ತದೆ. ಹೋಗದೆ ಗತಿಯಿಲ್ಲ.

ಮರುದಿನ ಝಡ್‌ಪಿ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಸಾಲುಸಾಲಾಗಿ ಬೀಳುತ್ತದೆ. ಹೋದ ಹುಡುಗ ತಿರುಗಿ ಬರುವುದು ಯುಗಾದಿ ಹೊತ್ತಿಗೆ. ಅಷ್ಟರಲ್ಲಿ ಭಾಗಾಕಾರ, ಅಪೂರ್ಣಾಂಕ ಮುಗಿದು ಪರೀಕ್ಷೆ ಬಾಗಿಲಲ್ಲಿ ನಿಂತಿರುತ್ತದೆ.

"ಸಾಲಿ ಕಲ್ತವರು ಏನ್ ಮಾಡ್ಯಾರ ನೋಡ್ರಿ, ಡಿಗ್ರಿ ಹಿಡ್ಕೊಂಡು ಕಟ್ಟಿ ಮ್ಯಾಲ ಕುಂತಾರ" ಎಂಬ ಮಾತು ಈ ಭಾಗದ ಪಾಲಕರಲ್ಲಿ ಸಾಮಾನ್ಯ. ಮಾತು ಒರಟು ನಿಜ, ಆದರೆ ಪೂರ್ತಿ ಸುಳ್ಳಲ್ಲ. ಓದಿದರೆ ಊರು ಉದ್ಧಾರ ಆಗುತ್ತದೆ ಎಂದು ಎಲ್ಲ ಭಾಷಣಗಳಲ್ಲೂ ಕೇಳಿ ಆಗಿದೆ. ಯಾವ ಓದು, ಎಷ್ಟು ಓದು, ಅದರ ಫಲ ಯಾವ ಊರಿಗೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಿದಂತಿಲ್ಲ.

ಒಂದೇ ಜಿಲ್ಲೆ, ಎರಡು ಕಥೆ

ಸಾಂಗಲಿ ಜಿಲ್ಲೆಯ ಪಶ್ಚಿಮಕ್ಕೆ ಕೃಷ್ಣಾ ದಂಡೆ. ಕಬ್ಬು, ಅರಿಶಿನ, ದ್ರಾಕ್ಷಿ, ಕಾರ್ಖಾನೆ. ಪೂರ್ವಕ್ಕೆ ಜತ್ತ. ವಿಸ್ತೀರ್ಣದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲೂಕು, ನೀರಿನಲ್ಲಿ ಬಡ ತಾಲೂಕು. ಉಮದಿ, ಸಂಖ, ಗುಡ್ಡಾಪುರ, ಮಾಡಗ್ಯಾಳ, ಬಿಳೂರ ಭಾಗದಲ್ಲಿ ಮನೆಮಾತು ಕನ್ನಡ. ಉಮದಿಯವರಿಗೆ ಸಾಂಗಲಿಗಿಂತ ವಿಜಯಪುರವೇ ಹತ್ತಿರ.

ಪಶ್ಚಿಮ ಭಾಗ ಮುಂದೆ ಬಂದದ್ದು ಬರೀ ನೀರಿನಿಂದ ಎನ್ನುವುದು ಅರ್ಧ ಸತ್ಯ. ಆ ಕಥೆಯ ಇನ್ನರ್ಧ ಶುರುವಾಗುವುದು ನಮ್ಮ ಬೆಳಗಾವಿಯಲ್ಲೇ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರ ಚಿತ್ರಕಲೆ ಕಲಿಯಲು ಮುಂಬೈಗೆ ಹೋದವರು. ಕಣ್ಣಿಗೆ ಬಣ್ಣ ಸರಿಯಾಗಿ ಗುರುತು ಸಿಗದೆ ಅದನ್ನು ಬಿಟ್ಟು ಯಂತ್ರದ ನಕ್ಷೆ ಬಿಡಿಸುವುದನ್ನು ಕಲಿತರು. ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠವನ್ನೂ ಮಾಡಿದರು. ಆಮೇಲೆ ಬೆಳಗಾವಿಗೆ ಮರಳಿ ಸೈಕಲ್ ಅಂಗಡಿ, ಮೇವು ಕತ್ತರಿಸುವ ಯಂತ್ರ, 1903ರ ಸುಮಾರಿಗೆ ಕಬ್ಬಿಣದ ನೇಗಿಲು. ಊರು ಬೆಳೆಯುತ್ತಿದೆ, ಜಾಗ ಖಾಲಿ ಮಾಡಿ ಎಂದು ನಗರಸಭೆ ಹೇಳಿದಾಗ ಔಂಧ ಸಂಸ್ಥಾನದ ರಾಜ ಜಾಗ ಕೊಟ್ಟರು. 1910ರಲ್ಲಿ ಕುಂಡಲ ಹತ್ತಿರದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಬೆಳಗಾವಿ ಕಳೆದುಕೊಂಡದ್ದನ್ನು ಇಂದಿನ ಸಾಂಗಲಿ ಜಿಲ್ಲೆ ಗಳಿಸಿತು.

ಅಲ್ಲಿ ಕೆಲಸಕ್ಕೆ ಸೇರಿದ ಹಳ್ಳಿಯ ಹುಡುಗರಿಗೆ ಯಾವ ಡಿಪ್ಲೊಮಾವೂ ಇರಲಿಲ್ಲ. ಎರಕ ಹೊಯ್ಯುವುದು, ಲೇಥ್ ಓಡಿಸುವುದು, ಅಳತೆ ಹಿಡಿಯುವುದು ಎಲ್ಲವನ್ನೂ ಕಲಿತದ್ದು ಕಾರ್ಖಾನೆಯ ನೆಲದ ಮೇಲೆ. ನೇಗಿಲು ಹೋಗಿ ಪಂಪ್ ಬಂತು. ಆ ಪಂಪ್ ನದಿಯ ನೀರನ್ನು ಹೊಲಕ್ಕೆ ಎತ್ತಿತು. ಅಂದರೆ ಕಸಬಿನ ಕಲಿಕೆ ಇಲ್ಲಿ ನೀರಿಗೂ ಮುಂಚೆ ಬಂದಿತ್ತು.

ಇದೇ ಕಿರ್ಲೋಸ್ಕರ ನೇಗಿಲನ್ನು ಊರೂರು ತಿರುಗಿ ಮಾರುತ್ತಿದ್ದವರಲ್ಲಿ ಒಬ್ಬರು ಭಾವುರಾವ ಪಾಟೀಲ. ರೈತರ ಮನೆಗಳನ್ನು ಕಣ್ಣಾರೆ ಕಂಡ ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ಸಾತಾರದ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಉಂಡರು. ದುಡಿ, ಕಲಿ ಎಂಬುದು ಅವರ ಪದ್ಧತಿ. ಹುಡುಗ ಹೊಲದಲ್ಲಿ ಕೆಲಸ ಮಾಡಿ ತನ್ನ ಓದಿನ ಖರ್ಚು ತಾನೇ ಹುಟ್ಟಿಸಿಕೊಳ್ಳಬೇಕಿತ್ತು. ಮುಂದೆ ಸಹಕಾರಿ ಸಂಘ, ಹಾಲಿನ ಡೇರಿ, ಸಕ್ಕರೆ ಕಾರ್ಖಾನೆ ಬಂದಾಗ ಲೆಕ್ಕ ಬರೆಯಲು, ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಲು ಹಳ್ಳಿಯಲ್ಲೇ ಓದಿದ ಜನ ತಯಾರಿದ್ದರು.

ಜತ್ತ ಆಗ ಬೇರೆಯೇ ಸಂಸ್ಥಾನ, ಡಫಳೆಯವರ ಆಳ್ವಿಕೆ. 1948ರಲ್ಲಿ ವಿಲೀನವಾದಾಗ ಪೂರ್ವದ ಹಳ್ಳಿಗಳ ಕೈಯಲ್ಲಿ ಕಾರ್ಖಾನೆಯ ಕಸಬೂ ಇರಲಿಲ್ಲ, ಬೋರ್ಡಿಂಗಿನ ಓದೂ ಇರಲಿಲ್ಲ. ಕುರಿ ಇತ್ತು, ಬಿಳಿಜೋಳ ಇತ್ತು.

ಡಿ.ಎಡ್. ಗುಂಗು

ಹಾಗಾದರೆ ಓದು ಬಂದೇ ಇಲ್ಲವೇ? ಬಂತು. ಬಂದದ್ದು ಹೇಗೆ ಎಂಬುದೇ ಪ್ರಶ್ನೆ. 1983ರಲ್ಲಿ ವಸಂತದಾದಾ ಪಾಟೀಲ ಮುಖ್ಯಮಂತ್ರಿಯಾಗಿದ್ದಾಗ ಮಹಾರಾಷ್ಟ್ರ ಸರ್ಕಾರ ಅನುದಾನವಿಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬಾಗಿಲು ತೆರೆಯಿತು. ಆಮೇಲೆ ಡಿ.ಎಡ್. ಕಾಲೇಜುಗಳ ಸರದಿ. 2000ದ ನಂತರ ಊರಿಗೊಂದು ಎಂಬಂತೆ ಬೋರ್ಡು ಎದ್ದವು.

ಹಳ್ಳಿಯ ತಂದೆಗೆ ಡಿ.ಎಡ್. ಎಂದರೆ ಪಕ್ಕಾ ನೌಕರಿ. ಎರಡು ವರ್ಷ ಕಲಿತರೆ ಮಾಸ್ತರ, ಮಾಸ್ತರ ಆದರೆ ಪಗಾರ, ಪಗಾರ ಬಂದರೆ ಮದುವೆ. ಹೊಲದ ಒಂದು ತುಂಡು ಮಾರಿ ಮಗನನ್ನು ಸೇರಿಸಿದವರಿದ್ದಾರೆ, ಮಗಳ ಲಗ್ನಕ್ಕೆ ಕೂಡಿಟ್ಟದ್ದನ್ನು ಕಟ್ಟಿದವರೂ ಇದ್ದಾರೆ.

ಇನ್ನು ಆದಾಯದ ಲೆಕ್ಕ. 2000ದಲ್ಲಿ ಬಂದ ಶಿಕ್ಷಣ ಸೇವಕ ಯೋಜನೆಯಲ್ಲಿ ಪ್ರಾಥಮಿಕ ಶಾಲೆಯ ಹೊಸ ಮಾಸ್ತರನಿಗೆ ತಿಂಗಳಿಗೆ 3000 ರೂ. ಮಾನಧನ, ಅದೂ ಮೂರು ವರ್ಷ. ಮೂರು ವರ್ಷದ ಒಟ್ಟು 1 ಲಕ್ಷ 8 ಸಾವಿರ. ಅದು ಮುಂದೆ 6000 ಆಯಿತು, 2023ರಲ್ಲಿ 16 ಸಾವಿರಕ್ಕೆ ಏರಿತು. ಕಾಯಂ ಆದವರ ಬಾಳು ನೆಟ್ಟಗಾಯಿತು, ಸುಳ್ಳಲ್ಲ. ಆದರೆ 2012ರಲ್ಲಿ ಶಿಕ್ಷಕರ ಭರತಿಯೇ ನಿಂತಿತು. ಕೋರ್ಸ್ ಮುಗಿಸಿದ ಹುಡುಗರು ಐದು ವರ್ಷ ಹಾದಿ ಕಾದರು. 2017ರಲ್ಲಿ ಪವಿತ್ರ ಪೋರ್ಟಲ್ ಬಂದು ಟೇಟ್ ಪರೀಕ್ಷೆ ನಡೆಯುವ ಹೊತ್ತಿಗೆ ಎಷ್ಟೋ ಮಂದಿ ಪುಣೆಯ ಚಾಕಣ, ಭೋಸರಿಯ ಕಂಪನಿಗಳಲ್ಲಿ ಕಂತ್ರಾಟಿ ಕೆಲಸ ಹಿಡಿದಾಗಿತ್ತು. ಕನ್ನಡ ಮಾಧ್ಯಮದಲ್ಲಿ ಡಿ.ಎಡ್. ಮಾಡಿದವರ ಪಾಡು ಇನ್ನೂ ಕಠಿಣ. ಅವರಿಗೆ ಹುದ್ದೆ ಇರುವುದು ಸಾಂಗಲಿ, ಸೊಲ್ಲಾಪುರದಂಥ ಗಡಿ ಜಿಲ್ಲೆಗಳಲ್ಲಿ. ರಾಜ್ಯದ ಬೇರೆ ಕಡೆ ಆ ಸರ್ಟಿಫಿಕೇಟಿಗೆ ಬೆಲೆ ಕಡಿಮೆ.

ತಾಲೂಕಿನ ಲೆಕ್ಕದಲ್ಲಿ ನೋಡಿದರೆ, ಹೊಲ ಮಾರಿದ ದುಡ್ಡು ಹೊರಗಿನ ಸಂಸ್ಥೆಗೆ ಹೋಯಿತು, ಓದಿದ ಹುಡುಗ ಪುಣೆಗೆ ಹೋದ, ಹೊಲ ಬೇರೆಯವರ ಪಾಲಾಯಿತು. ಎಂಜಿನಿಯರ್ ಆದವನದೂ ಅದೇ ದಾರಿ, ಪಗಾರ ಮಾತ್ರ ದೊಡ್ಡದು. ಅವನು ಕಳಿಸುವ ದುಡ್ಡಿನಿಂದ ಊರಲ್ಲಿ ಆರ್‌ಸಿಸಿ ಮನೆ ಏಳುತ್ತದೆ, ಬೋರ್ ಬೀಳುತ್ತದೆ. ಇನ್ನೊಬ್ಬನಿಗೆ ಕೆಲಸ ಹುಟ್ಟುವುದು ಅಪರೂಪ. ಅವನ ಓದಿನಿಂದ ಬೆಳೆದದ್ದು ಪುಣೆ.

ದ್ರಾಕ್ಷಿ ಬಾಗದಲ್ಲಿ ಗಣಿತ

ಓದಿನ ನಿಜವಾದ ಬೆಲೆ ನೋಡಬೇಕಾದರೆ ಜತ್ತ ಸೀಮೆಯ ದ್ರಾಕ್ಷಿ ಬಾಗಕ್ಕೆ ಬರಬೇಕು. ಏಪ್ರಿಲ್‌ನಲ್ಲಿ ಒಂದು ಛಾಟಣಿ, ಅಕ್ಟೋಬರ್‌ನಲ್ಲಿ ಇನ್ನೊಂದು. ಹೂವು ಕಟ್ಟುವ ಹೊತ್ತಿಗೆ ಗೊನೆ ಉದ್ದವಾಗಲು, ಕಾಯಿ ದಪ್ಪವಾಗಲು ಜಿಎ ಹೊಡೆಯುತ್ತಾರೆ. ಅದರ ಪ್ರಮಾಣ ಹೇಳುವುದು ಪಿಪಿಎಂನಲ್ಲಿ. ಒಂದು ಪಿಪಿಎಂ ಎಂದರೆ ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ. ನೂರು ಲೀಟರ್ ಡ್ರಮ್ಮಿಗೆ ಹತ್ತು ಪಿಪಿಎಂ ಬೇಕೆಂದರೆ ಪುಡಿ ಎಷ್ಟು? ಒಂದು ಗ್ರಾಂ. ಒಂದು ಸೊನ್ನೆ ಹೆಚ್ಚಾದರೆ ಹತ್ತು ಗ್ರಾಂ, ವರ್ಷದ ಬೆಳೆ ಹಾಳು.

ಮೂರನೇ ಈಯತ್ತೆಯ ಗುಣಾಕಾರ, ಐದನೇ ಈಯತ್ತೆಯ ದಶಮಾಂಶ ಇಲ್ಲಿ ರೊಕ್ಕವಾಗುತ್ತದೆ. ಇದಕ್ಕೆ ಬಿ.ಎಸ್ಸಿ. ಬೇಡ. ಆದರೆ ಓದಲು ಬಾರದವನ ಕೈಲಿ ಇದು ಆಗದು. ಔಷಧ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನದ ಅರ್ಥ, ಹೊಡೆದ ಎಷ್ಟು ದಿನದ ಮೇಲೆ ಹಣ್ಣು ಕೀಳಬೇಕು ಎಂಬ ಸೂಚನೆ, ಎಲ್ಲ ಓದಿ ತಿಳಿಯಬೇಕು. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಅಂಶ ಸಿಕ್ಕಿತೆಂದು ಯುರೋಪಿನಲ್ಲಿ ಕಂಟೇನರುಗಳನ್ನು ತಡೆದದ್ದು ಬೆಳೆಗಾರರಿಗೆ ಇನ್ನೂ ನೆನಪಿದೆ. ಬೇದಾಣೆ ಮಾಡುವುದಾದರೂ ಅಷ್ಟೇ. ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಶಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್. ಅಳತೆ ತಪ್ಪಿದರೆ ಬಣ್ಣ ಕೆಟ್ಟು ತಾಸಗಾಂವ ಮಾರುಕಟ್ಟೆಯಲ್ಲಿ ದರ ಬೀಳುತ್ತದೆ.

ಅರ್ಥಶಾಸ್ತ್ರಜ್ಞರೂ ಸುಮಾರು ಇದೇ ಮಾತನ್ನು ಹೇಳಿದ್ದಾರೆ. ಆಂಡ್ರ್ಯೂ ಫಾಸ್ಟರ್, ಮಾರ್ಕ್ ರೋಸೆನ್‌ಝ್ವೀಗ್ ಎಂಬಿಬ್ಬರು ಹಸಿರು ಕ್ರಾಂತಿ ಕಾಲದ ಭಾರತದ ಹಳ್ಳಿಗಳ ಅಂಕಿಅಂಶ ಹಿಡಿದು 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಬೀಜ, ಹೊಸ ಗೊಬ್ಬರ ಬಂದ ಕಡೆ ಪ್ರಾಥಮಿಕ ಶಾಲೆ ಕಲಿತ ರೈತನಿಗೆ ಲಾಭ ಹೆಚ್ಚಾಯಿತು. ಹಳೆಯ ಪದ್ಧತಿಯೇ ನಡೆದ ಕಡೆ ಓದಿದವನಿಗೂ ಓದದವನಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಲಾಭ ಕಂಡ ಊರುಗಳಲ್ಲಿ ಜನ ತಾವಾಗಿ ಮಕ್ಕಳನ್ನು ಶಾಲೆಗೆ ಕಳಿಸತೊಡಗಿದರು ಎಂಬುದೂ ಅದರಲ್ಲಿದೆ.

ಜತ್ತಕ್ಕೆ ಇದನ್ನು ಹಚ್ಚಿ ನೋಡಿದರೆ ಕಟ್ಟೆಯ ಮೇಲಿನ ಮಾತಿಗೆ ಉತ್ತರ ಸಿಗುತ್ತದೆ. ಮಳೆ ನಂಬಿದ ಜೋಳದ ಹೊಲದಲ್ಲಿ ದಶಮಾಂಶಕ್ಕೆ ಕೆಲಸವಿಲ್ಲ. ಬಾವಿ ತುಂಬಿ ದಾಳಿಂಬೆ ಗಿಡ ನಿಂತ ದಿನ ಕೆಲಸ ಬರುತ್ತದೆ. ಆದ್ದರಿಂದಲೇ ಈ ಭಾಗದಲ್ಲಿ ನೀರಿನ ಹೋರಾಟವೂ ಶಾಲೆಯ ಹೋರಾಟವೂ ಬೇರೆ ಬೇರೆ ಅಲ್ಲ. 2012ರಲ್ಲಿ ನೀರಿಲ್ಲವೆಂದು ಪೂರ್ವ ಭಾಗದ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದು, 2022ರಲ್ಲಿ ಅದೇ ವಿಷಯ ಎರಡೂ ರಾಜ್ಯಗಳಲ್ಲಿ ಕಾವೇರಿದ್ದು, ಆಗ ಮಹಾರಾಷ್ಟ್ರ ಸರ್ಕಾರ ಸುಮಾರು 2000 ಕೋಟಿ ರೂಪಾಯಿಯ ವಿಸ್ತಾರಿತ ಮ್ಹೈಸಾಳ ಯೋಜನೆ ಘೋಷಿಸಿದ್ದು ಎಲ್ಲರಿಗೂ ಗೊತ್ತು. ಆ ನೀರು ಹೊಲಕ್ಕೆ ಬಂದ ದಿನ ಪಿಪಿಎಂ ಲೆಕ್ಕ ಹಾಕುವ ಹುಡುಗರು ಊರಲ್ಲಿ ಇರುತ್ತಾರೆಯೇ, ಇಲ್ಲ ಕಬ್ಬಿನ ಗದ್ದೆಯಲ್ಲಿ ಇರುತ್ತಾರೆಯೇ ಎಂಬುದನ್ನು ಮಾತ್ರ ಯಾವ ಯೋಜನೆಯ ಕಾಗದದಲ್ಲೂ ಬರೆಯುವುದಿಲ್ಲ.

ಶಾಲೆಯಲ್ಲಿ ಕುಳಿತ ವರ್ಷಗಳನ್ನು ಎಣಿಸಿದರೆ ಸಾಲದು ಎಂಬುದಕ್ಕೆ ಇನ್ನೊಂದು ಸಾಕ್ಷಿ ಅಸರ್ ಸಮೀಕ್ಷೆ. 2022ರಲ್ಲಿ ದೇಶದ ಗ್ರಾಮೀಣ ಭಾಗದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ನೂರಕ್ಕೆ 43ರಷ್ಟು ಮಾತ್ರ. ಹಾಜರಿ ಪುಸ್ತಕದಲ್ಲಿ ಇವರೆಲ್ಲ ಐದನೇ ಈಯತ್ತೆಯವರೇ.

ಭಾಷೆಯ ಹೊಸ್ತಿಲು

ಗಡಿಯ ಮಕ್ಕಳಿಗೆ ಇದರ ಮೇಲೆ ಇನ್ನೊಂದು ಹೊಸ್ತಿಲು. ಮಹಾರಾಷ್ಟ್ರ ಸರ್ಕಾರ ಕನ್ನಡ ಮಾಧ್ಯಮಕ್ಕೆ ಪಠ್ಯಪುಸ್ತಕ ಕೊಡುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪುಣೆಯ ಬಾಲಭಾರತಿ 1967ರಿಂದ ಕೆಲಸ ಮಾಡುತ್ತಿದೆ, ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಪುಸ್ತಕ ತರುತ್ತದೆ. ಹತ್ತನೇ ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. ಅದರ ಮುಂದೆ ದಾರಿ ಕವಲೊಡೆಯುತ್ತದೆ. ಹನ್ನೊಂದನೇ ವಿಜ್ಞಾನ ಇಂಗ್ಲಿಷಿನಲ್ಲಿ. ಐಟಿಐಯಲ್ಲಿ ಮಾಸ್ತರು ಹೇಳುವುದು ಮರಾಠಿಯಲ್ಲಿ. ಬಜಾರದ ಮರಾಠಿ ಎಲ್ಲರಿಗೂ ಬರುತ್ತದೆ. "ಕಾಯ್ ದರ" ಎಂದು ಕೇಳಲು ಯಾವ ಹುಡುಗನೂ ತಡವರಿಸುವುದಿಲ್ಲ. ಆದರೆ ವಿದ್ಯುತ್ ಪ್ರವಾಹ, ರೋಧ, ದಾಬ ಎಂದು ಮರಾಠಿ ಪುಸ್ತಕದಲ್ಲಿ ಓದಿ ಉತ್ತರ ಬರೆಯುವುದು ಬೇರೆ.

ಅದಕ್ಕೆ ಮದ್ದು ಕನ್ನಡ ಶಾಲೆ ಬಿಡಿಸಿ ಒಂದನೇ ಈಯತ್ತೆಯಿಂದಲೇ ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹಾಕುವುದು ಎಂದು ಬಹಳ ಪಾಲಕರು ತಿಳಿದಿದ್ದಾರೆ. ಹಳದಿ ಬಸ್ಸು ಈಗ ಹಳ್ಳಿಯ ಬಾಗಿಲಿಗೇ ಬರುತ್ತದೆ. ಇದು ತಿರುಗು ಮದ್ದು. ಮನೆಯಲ್ಲಿ ಕೇಳದ ಭಾಷೆಯಲ್ಲಿ ಭಾಗಾಕಾರ ಕಲಿತ ಹುಡುಗನಿಗೆ ಭಾಷೆಯೂ ಅರೆಬರೆ, ಭಾಗಾಕಾರವೂ ಅರೆಬರೆ. ಬೇಕಾದದ್ದು ಕನ್ನಡದಲ್ಲಿ ಗಟ್ಟಿ ಬುನಾದಿ, ಎಂಟನೇ ಈಯತ್ತೆಯಿಂದ ಗಣಿತ-ವಿಜ್ಞಾನದ ಶಬ್ದಗಳ ಮರಾಠಿ, ಇಂಗ್ಲಿಷ್ ಪರಿಚಯ. ಒಂದು ಬೇಸಿಗೆಯ ಎರಡು ತಿಂಗಳ ವರ್ಗ ನಡೆಸಿದರೂ ಹೊಸ್ತಿಲು ದಾಟಿಸಬಹುದು. 2020ರ ಕಾಯ್ದೆಯ ಮೇಲೆ ಮರಾಠಿ ಎಲ್ಲ ಶಾಲೆಗಳಲ್ಲಿ ಕಡ್ಡಾಯವಾಗಿದೆ. ಆ ಪಾಠದಲ್ಲಿ ಕವಿತೆಯ ಜೊತೆ ಮೋಟಾರಿನ ಶಬ್ದಗಳೂ ಇದ್ದರೆ ಯಾರಿಗೂ ನಷ್ಟವಿಲ್ಲ.

ಬುನಾದಿ ಗಟ್ಟಿಯಾಗಲು ಕನ್ನಡ ಬಲ್ಲ ಮಾಸ್ತರು ಬೇಕು. 2024ರಲ್ಲಿ ಜತ್ತ ಭಾಗದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದಲ್ಲಿ ಓದಿದ ಶಿಕ್ಷಕರನ್ನು ಕೊಟ್ಟಾಗ ಇಲ್ಲಿಂದಲೂ ಕರ್ನಾಟಕದಿಂದಲೂ ಆಕ್ಷೇಪ ಬಂತು. ಒಂದು ಕಡೆ ಕನ್ನಡ ಡಿ.ಎಡ್. ಮಾಡಿದವರು ಚಾಕಣದಲ್ಲಿ, ಇನ್ನೊಂದು ಕಡೆ ಕನ್ನಡ ಬಾರದ ಮಾಸ್ತರ ಒಂದನೇ ಈಯತ್ತೆಯ ಮುಂದೆ. ಯಾವ ಅಂಗಡಿಕಾರನೂ ತನ್ನ ಅಂಗಡಿಯನ್ನು ಹೀಗೆ ನಡೆಸುವುದಿಲ್ಲ.

ಎರಡು ಭಾಷೆಯ ಗಳಿಕೆ

ಎರಡು ಭಾಷೆ ಬಲ್ಲವನಿಗೆ ಮಾತ್ರ ಸಿಗುವ ಗಳಿಕೆಯೂ ಈ ಸೀಮೆಯಲ್ಲಿದೆ. ಮೀರಜಕ್ಕೆ ಹೋಗಿ ನೋಡಬೇಕು. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ಡಾಕ್ಟರು ಅಲ್ಲಿ ಆಸ್ಪತ್ರೆ ತೆರೆದರು. ಬರೀ ರೋಗಿಗಳನ್ನು ನೋಡಲಿಲ್ಲ, ಸ್ಥಳೀಯರಿಗೆ ವೈದ್ಯಕೀಯ, ನರ್ಸಿಂಗ್ ಕಲಿಸಿದರು. ಕಲಿತವರು ಅಲ್ಲಲ್ಲೇ ನೆಲೆ ನಿಂತರು, 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಊರಿಗೆ ಊರೇ ಆಸ್ಪತ್ರೆಯಾಯಿತು. ಔಷಧ ಅಂಗಡಿ, ಲ್ಯಾಬ್, ಖಾನಾವಳಿ, ಲಾಡ್ಜ್, ರಿಕ್ಷಾ ಎಲ್ಲ ಅದರ ಬೆನ್ನಿಗೆ. ವಿಜಯಪುರ, ಬೆಳಗಾವಿ, ಬಾಗಲಕೋಟೆ ಕಡೆಯಿಂದ ಬರುವ ರೋಗಿ ತನ್ನ ನೋವು ಹೇಳಿಕೊಳ್ಳುವುದು ಕನ್ನಡದಲ್ಲಿ. "ಎಲ್ಲಿ ನೂಸ್ತೈತಿ ಯವ್ವಾ" ಎಂದು ಕೇಳಬಲ್ಲ, ಮರಾಠಿಯಲ್ಲಿ ಡಾಕ್ಟರಿಗೆ ತಿಳಿಸಬಲ್ಲ ನರ್ಸ್ ಅಲ್ಲಿ ಬೇಕೇ ಬೇಕು. ಜತ್ತದ ಹೆಣ್ಣುಮಕ್ಕಳಿಗೆ ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ.

ಹೆಣ್ಣುಮಕ್ಕಳ ಮಾತು ಬಂದದ್ದಕ್ಕೆ ಹೇಳಬೇಕು. ಟೋಳಿಯಲ್ಲಿ ಲೆಕ್ಕ ತಲೆಯ ಮೇಲಲ್ಲ, ಕೊಯತಾ ಮೇಲೆ. ಒಂದು ಕೊಯತಾ ಎಂದರೆ ಗಂಡ-ಹೆಂಡತಿ ಜೋಡಿ. ಜೋಡಿಗೆ ಉಚಲ ಹೆಚ್ಚು. ಹುಡುಗಿಯ ಲಗ್ನ ಬೇಗ ಮಾಡುವುದಕ್ಕೆ ಇದೂ ಒಂದು ಕಾರಣ. ಹತ್ತನೇ ತನಕ ಅವಳನ್ನು ಶಾಲೆಯಲ್ಲಿ ಹಿಡಿದಿಟ್ಟರೆ ಒಂದು ಕೊಯತಾ ಕಡಿಮೆಯಾಗಿ ಒಬ್ಬ ನರ್ಸ್ ಹೆಚ್ಚಾಗುತ್ತಾಳೆ.

ಐಟಿಐ ಕಲಿತವರ ಗಳಿಕೆಯೂ ಊರಿನ ಹತ್ತಿರವೇ ಇದೆ. ವೆಲ್ಡರ್ ಒಂದು ವರ್ಷ, ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ಸಬ್‌ಮರ್ಸಿಬಲ್ ಮೋಟಾರ್ ಸುಟ್ಟರೆ ರೈತ ಒಂದು ದಿನವೂ ಕಾಯುವುದಿಲ್ಲ. ಬೇದಾಣೆ ಶೆಡ್ಡಿಗೆ ಕಬ್ಬಿಣದ ಚೌಕಟ್ಟು, ಡ್ರಿಪ್ ಫಿಲ್ಟರ್ ದುರುಸ್ತಿ, ಸ್ಟಾರ್ಟರ್ ಪೆಟ್ಟಿಗೆ, ಎಲ್ಲಕ್ಕೂ ಕೈ ಬೇಕು. ಇಂಥ ಒಂದು ಅಂಗಡಿ ಹಾಕಿದವನು ಕೈಕೆಳಗೆ ಇಬ್ಬರು ಹುಡುಗರನ್ನು ಇಟ್ಟುಕೊಳ್ಳುತ್ತಾನೆ. ದುಡ್ಡು ಊರಲ್ಲೇ ತಿರುಗುತ್ತದೆ. ಆದರೂ ಲಗ್ನದ ಮಾತುಕತೆಯಲ್ಲಿ "ಹುಡುಗ ಮೋಟಾರ್ ವೈಂಡಿಂಗ್ ಮಾಡ್ತಾನ" ಎಂದರೆ ಬೀಗರ ಮುಖ ಸಣ್ಣದಾಗುತ್ತದೆ, ಕೆಲಸವಿಲ್ಲದಿದ್ದರೂ "ಎಂ.ಎ., ಬಿ.ಎಡ್." ಎಂದರೆ ಚಹಾಕ್ಕೆ ಸಕ್ಕರೆ ಹೆಚ್ಚು ಬೀಳುತ್ತದೆ.

ಮೇಲಿನ ಓದು ಬೇಡವೆಂದೇ? ಹಾಗಲ್ಲ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳಲ್ಲಿ ಏಳು ವರ್ಷ ಓದಿದ ಕನ್ನಡಿಗರಿಗೆ ಅವಕಾಶವಿದೆ. ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಇದು ಗೊತ್ತಿಲ್ಲದೆ ಅರ್ಹ ಮಕ್ಕಳು ಅರ್ಜಿಯನ್ನೇ ಹಾಕದೆ ಬಿಡುತ್ತಾರೆ. ಕೃಷಿ ಪದವಿ ಓದಿದವನಿಗೆ ಈ ಸೀಮೆಯಲ್ಲೇ ಕೆಲಸವಿದೆ. ಸೊಲ್ಲಾಪುರ ಪಕ್ಕದ ಕೇಗಾಂವದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಿಂದ ಇದೆ. ಅಲ್ಲಿ ಕಂಡುಹಿಡಿದದ್ದು ಜತ್ತದ ಹೊಲಕ್ಕೆ ಬರಬೇಕಾದರೆ ನಡುವೆ ಒಬ್ಬ ಓದಿದವನು, ಎರಡೂ ಭಾಷೆ ಬಲ್ಲವನು ನಿಲ್ಲಬೇಕು.

ಟೋಳಿಯ ಮಕ್ಕಳಿಗಾಗಿ ಹಂಗಾಮಿ ವಸತಿಗೃಹದ ಯೋಜನೆ ಕಾಗದದಲ್ಲಿದೆ. ತಂದೆತಾಯಿ ಕಬ್ಬಿಗೆ ಹೋದರೂ ಮಗು ಊರಲ್ಲೇ ಉಂಡು ಶಾಲೆ ಕಲಿಯಬೇಕೆಂಬುದು ಅದರ ಉದ್ದೇಶ. ಅನುದಾನ ನವೆಂಬರಿನಲ್ಲಿ ಬಂದರೆ ಮಗು ಉಳಿಯುತ್ತದೆ, ಜನವರಿಯಲ್ಲಿ ಬಂದರೆ ಮಗು ಆಗಲೇ ಟ್ರೇಲರ್ ಮೇಲೆ ಹೋಗಿರುತ್ತದೆ. ಅಜ್ಜಿ ಇರುವ ಮನೆಯವರು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಅಜ್ಜಿ ಇಲ್ಲದವರು ಪಾಟಿಚೀಲವನ್ನೂ ಹಾಸಿಗೆ ಸುರುಳಿಯೊಳಗೆ ಕಟ್ಟಿಕೊಳ್ಳುತ್ತಾರೆ. ಯುಗಾದಿಗೆ ಬಿಚ್ಚಿದಾಗ ಪುಸ್ತಕ ಹೊಸದಾಗಿಯೇ ಇರುತ್ತದೆ.